ಪುಣೆಯ ಹತ್ತಿರದ ತುಂಡುಭೂಮಿಯಲ್ಲಿ ಬೀಜದಿಂದ ಮುರುಗಲು ಬೆಳೆಸಬಹುದೇ?

ಪ್ರಶ್ನೆ (ಕೊಥರೂಡ್, ಪುಣೆ)

ನಮಸ್ಕಾರ. ಮುಳಶಿಯ ಕಡೆ ನಮಗೆ ಎರಡು ಗುಂಟೆ ಜಾಗವಿದೆ; ಸದ್ಯ ಅದರಲ್ಲಿ ಬದನೆ, ಬಸಳೆ ಇವೆ. ಮೇ ತಿಂಗಳಲ್ಲಿ ಶಿರಸಿಯಿಂದ ಬರುವ ನೆಂಟರು ಮುರುಗಲ (ಕೋಕಮ್) ಹಣ್ಣು ತರಲಿದ್ದಾರೆ. ಇಲ್ಲಿನ ಅಂಗಡಿಗಳಲ್ಲಿ ಒಣ ಕೋಕಮ್ ಧಾರಾಳವಾಗಿ ಸಿಗುತ್ತದೆ, ಆದರೆ ಪಾನಕಕ್ಕೆ ಬೇಕಾದ ತಾಜಾ ಹಣ್ಣು ಅಪರೂಪ. ಸಿಪ್ಪೆಯನ್ನು ಬಳಸಿಕೊಂಡು ಬೀಜವನ್ನು ಒಣಗಿಸಿಟ್ಟು, ಮಳೆ ಹಿಡಿದ ಮೇಲೆ ಬಿತ್ತಬಹುದೇ? ಒಂದೇ ಮರ ಸಾಕಾಗುತ್ತದೆಯೇ?

ಉತ್ತರ (ಮಡಗಾಂವ್)

ದಯವಿಟ್ಟು ಬೀಜವನ್ನು ಬಿಸಿಲಿನಲ್ಲಿ ಒಣಗಿಸಬೇಡಿ. ತೇವ ಆರಿದಂತೆ ಮುರುಗಲ ಬೀಜ ಮೊಳೆಯುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಹಣ್ಣು ಒಡೆದ ಕೂಡಲೇ ಬೀಜಕ್ಕೆ ಅಂಟಿದ ಲೋಳೆಯನ್ನು ಮರಳಿನಲ್ಲಿ ತಿಕ್ಕಿ ತೊಳೆದು, ನೆರಳಿನಲ್ಲಿ ಮೇಲ್ಮೈ ಆರುವಷ್ಟು ಹೊತ್ತು ಹರಡಿ, ಎತ್ತರದ ಪಾಲಿಥೀನ್ ಚೀಲಗಳಲ್ಲಿ ಬಿತ್ತಿರಿ. ತಾಯಿಬೇರು ನೇರವಾಗಿ ಆಳಕ್ಕೆ ಇಳಿಯುವುದರಿಂದ ಗಿಡ್ಡ ಕುಂಡದಲ್ಲಿ ಅದು ಸುರುಳಿ ಸುತ್ತಿಕೊಳ್ಳುತ್ತದೆ. ಮೊಳಕೆ ನಿಧಾನ, ತಾಳ್ಮೆ ಬೇಕು. ಬಿತ್ತಿ ಉಳಿದ ಬೀಜವನ್ನು ಎಸೆಯಬೇಡಿ, ಅದರಿಂದ ಮುರುಗಲ ತುಪ್ಪ ತೆಗೆಯಬಹುದು.

ಇದಕ್ಕಿಂತ ದೊಡ್ಡ ವಿಷಯವೆಂದರೆ, ಮುರುಗಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಡಾಗಿರುತ್ತವೆ. ಏಳೆಂಟು ವರ್ಷ ಸಾಕಿ, ಹೂ ಬಿಟ್ಟ ಮೇಲೆಯೇ ಅದು ತಿಳಿಯುವುದು.

ಉತ್ತರ (ಡೊಂಬಿವಲಿ)

ಮಡಗಾಂವಿನವರು ಹೇಳಿದ್ದು ಸರಿ, ಹಾಗೆಂದು ಬೀಜದ ಆಸೆಯನ್ನು ಬಿಡಬೇಕಾಗಿಲ್ಲ. ಮರದಿಂದ ಮರಕ್ಕೆ ಆರು ಮೀಟರ್ ಬಿಟ್ಟರೆ ಎರಡು ಗುಂಟೆಯಲ್ಲಿ ಐದು ಮರಗಳು ಹಿಡಿಸುತ್ತವೆ. ಇಷ್ಟು ಚಿಕ್ಕ ಜಾಗದಲ್ಲಿ ಎರಡು ಮೂರು ಗಂಡು ಮರಗಳನ್ನು ವರ್ಷಾನುಗಟ್ಟಲೆ ಸಾಕುವುದು ನನ್ನ ದೃಷ್ಟಿಯಲ್ಲಿ ಸಲ್ಲದು. ಆದ್ದರಿಂದ ನಿಮ್ಮ ಸಸಿಗಳನ್ನು ಬೇರುಗಿಡವಾಗಿ ಬಳಸಿ, ಚೆನ್ನಾಗಿ ಫಲ ಕೊಡುವ ಹೆಣ್ಣು ಮರದ ಕಡ್ಡಿಯಿಂದ ಮೃದುಕಾಂಡ ಕಸಿ, ಅಂದರೆ ಸಸಿಯ ಎಳೆಯ ಕಾಂಡಕ್ಕೆ ಆ ಕಡ್ಡಿಯನ್ನು ಕೂಡಿಸುವ ಕಸಿ, ಮಾಡಿಸಿರಿ. ಕಡ್ಡಿಯನ್ನು ನೆಟ್ಟಗೆ ಮೇಲೇಳುವ ಚಿಗುರಿನಿಂದಲೇ ಆರಿಸಬೇಕು. ಪಕ್ಕದ ಕೊಂಬೆಯಿಂದ ತೆಗೆದರೆ ಕಸಿಗಿಡ ಎತ್ತರಕ್ಕೆ ಹೋಗದೆ ಅಡ್ಡಡ್ಡ ಹರಡಿಕೊಂಡು ನಿಮ್ಮ ಬದನೆಯ ಪಾತಿಯನ್ನೂ ಮುಚ್ಚುತ್ತದೆ. ಕಸಿಗಿಡಗಳು ಬೀಜದ ಮರಗಳಿಗಿಂತ ಕೆಲವು ವರ್ಷ ಮೊದಲೇ ಫಲಕ್ಕೆ ಬರುತ್ತವೆ. ಪರಾಗಕ್ಕಾಗಿ ಒಂದು ಗಂಡು ಗಿಡ ಇರಲಿ, ಅದನ್ನು ಬೇಲಿಯ ಮೂಲೆಗೆ ನೆಡಿರಿ.

ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠವು 1997ರಲ್ಲಿ ಬಿಡುಗಡೆ ಮಾಡಿದ ‘ಕೊಂಕಣ ಅಮೃತಾ’ ತಳಿಯ ಒಂದು ಕಸಿಗಿಡವನ್ನೂ ಜೊತೆಗೆ ನೆಡುವುದು ಒಳ್ಳೆಯದು. ಅದರ ಹಣ್ಣಿನ ಕೊಯ್ಲು ಮಳೆಗಿಂತ ಮೊದಲೇ ಮುಗಿಯುತ್ತದೆ. ತಡವಾಗಿ ಮಾಗುವ ಮರಗಳ ಹಣ್ಣು ಜೂನ್ ಮಳೆಗೆ ಸಿಕ್ಕಿ ಕೊಳೆತರೆ, ಸಿಪ್ಪೆ ಒಣಗಿಸಲು ಬಿಸಿಲೂ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಶಿರಸಿಯ ಹೆಣ್ಣು ಮರದ ಕಡ್ಡಿಯನ್ನೇ ಮುಂದೆ ತರಿಸಿಕೊಳ್ಳುತ್ತೇನೆ. ಕರಾವಳಿಯ ತೇವವಿಲ್ಲದ ಇಲ್ಲಿನ ಬೇಸಿಗೆಯನ್ನು ಸಸಿಗಳು ತಾಳುತ್ತವೆಯೇ?

ಉತ್ತರ (ಮಡಗಾಂವ್)

ಮುಳಶಿಯಲ್ಲಿ ಮಳೆ ಚೆನ್ನಾಗಿದೆ, ಆದರೆ ಮಳೆಗಾಲ ಮುಗಿದ ಮೇಲಿನ ಒಣ ತಿಂಗಳುಗಳಲ್ಲಿಯೇ ಎಳೆಯ ಗಿಡಗಳು ಸೊರಗುವುದು. ಮೊದಲ ಎರಡು ಮೂರು ಬೇಸಿಗೆಗಳಲ್ಲಿ ಪಶ್ಚಿಮದ ಬಿಸಿಲಿಗೆ ತೆಂಗಿನ ಗರಿಯ ಮರೆ ಕಟ್ಟಿ, ಬುಡಕ್ಕೆ ದಪ್ಪವಾಗಿ ದರಗು ಹೊದಿಸಿ, ವಾರಕ್ಕೆರಡು ಸಲವಾದರೂ ನೀರು ಕೊಡಿರಿ. ನೆಲದಲ್ಲಿ ಎರೆಮಣ್ಣಿದ್ದು ನೀರು ನಿಲ್ಲುವಂತಿದ್ದರೆ ಗುಂಡಿಯ ಬದಲು ದಿಬ್ಬದ ಮೇಲೆ ನೆಡಬೇಕು.