ಡಿಸೆಂಬರ್‌ನಲ್ಲಿ ಮರಳುಗಾಡು ನಡಿಗೆ: ಹೋಗಿ ಬಂದವರು ಸ್ವಲ್ಪ ಹೇಳಿ

ಚಿಕ್ಕಬಳ್ಳಾಪುರದಿಂದ ಕೇಳಿದ್ದು

ನಾವು ಐದು ಜನ ಗೆಳೆಯರು ಡಿಸೆಂಬರ್ ಕೊನೆಗೆ ರಾಜಸ್ಥಾನ ಸುತ್ತಲು ಹೊರಟಿದ್ದೇವೆ. ಜೈಸಲ್ಮೇರ್ ಹತ್ತಿರ ಎರಡು ದಿನ ಮರಳಿನಲ್ಲಿ ನಡೆದು, ಒಂದು ರಾತ್ರಿ ಅಲ್ಲೇ ಮಲಗುವ ಆಸೆ. ಸ್ಕಂದಗಿರಿ ಹತ್ತಿ ಅಭ್ಯಾಸ ಇದೆ, ಆವಲಬೆಟ್ಟ ಅಂತೂ ನಮ್ಮ ಹಿತ್ತಲಿದ್ದ ಹಾಗೆ. ದಿನಕ್ಕೆ 20 ಕಿ.ಮೀ. ಆಗುತ್ತೆ ಅಂದುಕೊಂಡಿದ್ದೇವೆ. ಬಟ್ಟೆ, ನೀರು, ಊಟ ಹೇಗೆ? ಗೈಡ್ ಬೇಕಾ? ಅಮ್ಮ ಕಂಬಳಿ ಹೊತ್ತುಕೊಂಡು ಹೋಗಿ ಅಂತಿದ್ದಾರೆ, ಅದೂ ಬೇಕಾ?

ತುಮಕೂರಿನಿಂದ

ಮೊದಲು ಆ 20 ಕಿ.ಮೀ. ಮರೆತುಬಿಡಿ. ನಾವೂ ದೇವರಾಯನದುರ್ಗ, ಮಧುಗಿರಿ ಹತ್ತಿದ ಜಂಬದಲ್ಲೇ ಹೋಗಿದ್ದು. ಬಂಡೆ ಮೇಲೆ ಕಾಲಿಟ್ಟರೆ ಕಾಲು ನಿಲ್ಲುತ್ತದೆ. ಮರಳಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ ಅರ್ಧ ಹೆಜ್ಜೆ ಹಿಂದೆ ಜಾರುತ್ತೀರಿ. ಮೊದಲ ದಿನ ಹನ್ನೊಂದು ಕಿಲೋಮೀಟರಿಗೇ ನಮ್ಮ ಮೀನಖಂಡ ಕಲ್ಲಾಗಿತ್ತು. ದಿನಕ್ಕೆ 10, 12 ಅಂತ ಇಟ್ಟುಕೊಳ್ಳಿ, ಸಾಕು.

ದಿಬ್ಬ ಹತ್ತೋಕೂ ಒಂದು ಲೆಕ್ಕ ಇದೆ. ಗಾಳಿ ಬರುವ ಬದಿ ಇಳಿಜಾರು ಕಡಿಮೆ, ಮರಳೂ ಸ್ವಲ್ಪ ಗಟ್ಟಿ. ಆಚೆ ಬದಿ ಕಡಿದಾಗಿ 30 ಡಿಗ್ರಿ ದಾಟಿರುತ್ತದೆ, ಕಾಲಿಟ್ಟರೆ ಕುಸಿಯುತ್ತದೆ. ಗಾಳಿ ಬದಿಯಿಂದ ಹತ್ತಿ, ನೆತ್ತಿಯ ಅಂಚಿನ ಮೇಲೇ ನಡೆಯಿರಿ. ಇಳಿಯೋಕೆ ಮಾತ್ರ ಆಚೆ ಬದಿ ಮಜಾ, ಮಕ್ಕಳ ಹಾಗೆ ಜಾರಿಕೊಂಡು ಹೋಗಬಹುದು.

ಇನ್ನೊಂದು, ಎಲ್ಲ ಕಡೆ ದಿಬ್ಬಗಳೇ ಇರುತ್ತವೆ ಅಂದುಕೊಳ್ಳಬೇಡಿ. ನಡೆಯುವ ದಾರಿಯಲ್ಲಿ ಕುರುಚಲು, ಜಲ್ಲಿಕಲ್ಲು, ಗಟ್ಟಿ ನೆಲವೇ ಜಾಸ್ತಿ. ಪಾವಗಡದ ಕಡೆಯ ಬಯಲು ನೋಡಿದ ಹಾಗೇ ಆಯ್ತು ನನಗೆ. ಎಕ್ಕದ ಗಿಡ, ಬನ್ನಿ ಮರ. ಅಲ್ಲಿಯವರು ಖೇಜ್ರಿ ಅನ್ನೋದು ನಮ್ಮ ಬನ್ನಿಯನ್ನೇ. ಅದರ ಒಣಗಿಸಿದ ಕಾಯಿ ಸಾಂಗ್ರಿ, ಪಲ್ಯ ಮಾಡಿ ಸಜ್ಜೆ ರೊಟ್ಟಿ ಜೊತೆ ಕೊಟ್ಟರು. ದಸರೆಗೆ ಪೂಜೆ ಮಾಡೋ ಮರ ತಟ್ಟೆಗೇ ಬಂತಲ್ಲಪ್ಪ ಅಂತ ನಕ್ಕು, ಎರಡನೇ ಸಲವೂ ಹಾಕಿಸಿಕೊಂಡೆವು.

ಕೋಲಾರದಿಂದ

ಚಳಿ ವಿಷಯ ನಾನು ಹೇಳುತ್ತೇನೆ, ಅನುಭವಿಸಿದವನು ನಾನೇ. ನಂದಿ ಬೆಟ್ಟದ ಚಳಿ ನೋಡಿದ್ದೇವೆ ಬಿಡಿ ಅಂತ ಒಂದೇ ಸ್ವೆಟರ್ ಒಯ್ದಿದ್ದೆ. ಅಲ್ಲಿ ಮಧ್ಯಾಹ್ನ 24 ಡಿಗ್ರಿ ಇದ್ದದ್ದು ರಾತ್ರಿ 7, 8ಕ್ಕೆ ಇಳಿಯುತ್ತದೆ, ಕೆಲವು ರಾತ್ರಿ ಇನ್ನೂ ಕೆಳಗೆ. ಮೋಡ ಇಲ್ಲ, ಗಾಳಿಯಲ್ಲಿ ತೇವ ಇಲ್ಲ. ಹಗಲಿನ ಬಿಸಿ ಹಿಡಿದಿಡೋಕೆ ಏನೂ ಇಲ್ಲ, ಅಲ್ವಾ? ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗಿದ, ಅರ್ಧ ಗಂಟೆಯಲ್ಲಿ ಕೈ ಮರಗಟ್ಟಿತು. ನಮ್ಮ ಹಾಗೆ ಆರೂವರೆಗೆ ಬೆಳಗಾಗುತ್ತೆ ಅಂತ ಕಾದರೆ ಸೂರ್ಯ ಬರೋದು ಏಳೂವರೆಗೆ. ಆ ಒಂದು ಗಂಟೆ ನನ್ನ ಜನ್ಮದಲ್ಲಿ ಮರೆಯಲ್ಲ.

ಮಲಗುವ ಜಾಗ ನೋಡಿ ಆರಿಸಿ. ದಿಬ್ಬಗಳ ನಡುವಿನ ತಗ್ಗು ಬೆಚ್ಚಗಿರುತ್ತೆ ಅನ್ನಿಸುತ್ತದೆ, ಆದರೆ ತಣ್ಣನೆ ಗಾಳಿ ಇಳಿದು ನಿಲ್ಲೋದೇ ಅಲ್ಲಿ. ನೆತ್ತಿಯ ಮೇಲೆ ಬೀಸುವ ಗಾಳಿ. ಗಾಳಿ ಮರೆಯಾಗಿ, ತಗ್ಗಿನಿಂದ ಸ್ವಲ್ಪ ಮೇಲೆ ಹಾಸಿ. ಕೆಳಗೆ ದಪ್ಪ ಹಾಸಿಗೆ ಇರಲಿ, ಮರಳು ಮೈ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಫೋನ್ ಹೊದಿಕೆಯೊಳಗೇ ಇಟ್ಟುಕೊಳ್ಳಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.

ನೀರು ದಿನಕ್ಕೆ ತಲೆಗೆ ಮೂರು ನಾಲ್ಕು ಲೀಟರ್. ಚಳಿಗೆ ಬಾಯಾರಿಕೆ ಗೊತ್ತಾಗಲ್ಲ, ತಲೆನೋವು ಬಂದ ಮೇಲೆ ಗೊತ್ತಾಗುತ್ತದೆ. ಸಾವಿರ ಅಡಿ ಕೊಳವೆಬಾವಿ ಕೊರೆಯೋ ಊರಿನವರು ನಾವು, ನೀರು ಉಳಿಸೋದು ರಕ್ತದಲ್ಲೇ ಇದೆ. ಅಲ್ಲಿ ಮಾತ್ರ ಉಳಿಸಬೇಡಿ, ಕುಡೀರಿ.

ಶಿರಾದಿಂದ

ನಾವು ಮೂರು ಜನ ಹೆಂಗಸರು, ಇಬ್ಬರು ಗಂಡಸರು ಹೋಗಿದ್ದೆವು. ಯಾರೂ ಹೇಳದ ವಿಷಯ ಹೇಳುತ್ತೇನೆ. ರಾತ್ರಿ ಮೂತ್ರಕ್ಕೆ ಎದ್ದರೆ ಒಬ್ಬರೇ ಹೋಗಬೇಡಿ. ನಾನು ಮರೆ ಹುಡುಕಿ ಒಂದೇ ಒಂದು ದಿಬ್ಬದ ಆಚೆ ಹೋದೆ. ವಾಪಸ್ ತಿರುಗಿದರೆ ಎಲ್ಲ ದಿಬ್ಬವೂ ಒಂದೇ ಥರ. ಟಾರ್ಚ್ ಹಾಕಿ ನನ್ನ ಹೆಜ್ಜೆ ಹುಡುಕಿದೆ, ಗಾಳಿಗೆ ಅದೂ ಅರ್ಧ ಮುಚ್ಚಿಹೋಗಿತ್ತು. ನೂರು ಮಾರು ದೂರದಲ್ಲಿ ಮಲಗಿದ್ದವರಿಗೆ ಕೂಗಿದ್ದು ಕೇಳಿಸಲಿಲ್ಲ. ಕೊನೆಗೆ ಎತ್ತರದ ದಿಬ್ಬ ಹತ್ತಿ ನಿಂತಾಗ ಕೆಂಡದ ಕೆಂಪು ಕಾಣಿಸಿತು. ಮರುದಿನದಿಂದ ಇಬ್ಬಿಬ್ಬರೇ ಹೋಗೋದು, ಮಲಗುವ ಜಾಗದಲ್ಲಿ ಕೋಲಿಗೆ ಒಂದು ಲೈಟ್ ಕಟ್ಟೋದು ಅಂತ ಆಯ್ತು.

ಕಂಬಳಿ ಕೇಳಿದ್ರಿ. ನಾನು ಶಿರಾದವಳು, ಕುರಿ ಕಂಬಳಿ ಬಿಟ್ಟು ಹೋಗ್ತೀನಾ? ಬೆಚ್ಚಗೇನೋ ಇತ್ತು. ಆದರೆ ಅಲ್ಲಿ ಭುರಟ್ ಅಂತ ಒಂದು ಹುಲ್ಲಿದೆ, ಅದರ ಬೀಜ ನಮ್ಮ ಹೊಲದ ಅಂಟುಪುರಲೆ ಇದ್ದ ಹಾಗೆ. ಬೆಳಿಗ್ಗೆ ನೋಡಿದರೆ ಕಂಬಳಿ ತುಂಬ ಅದೇ. ಕೈಯಲ್ಲಿ ಕಿತ್ತರೆ ಬೆರಳಿಗೆ ಮುಳ್ಳು. ಗೈಡ್ ಜೇಬಿನಿಂದ ಚಿಮಟ ತೆಗೆದು ಕೊಟ್ಟು ನಕ್ಕ. ಉಣ್ಣೆ ಸಾಕ್ಸ್‌ಗೂ ಅದೇ ಗತಿ. ನುಣುಪಾದ ಬಟ್ಟೆಯ ಪ್ಯಾಂಟ್ ಹಾಕಿ, ಮುಚ್ಚಿದ ಶೂ ಹಾಕಿ. ಜೀನ್ಸ್ ಅಂತೂ ಬೇಡವೇ ಬೇಡ.

ಗೌರಿಬಿದನೂರಿನಿಂದ

ಗೈಡ್ ಬೇಕೇ ಬೇಕು. ದಾರಿಗಿಂತ ಜಾಸ್ತಿ, ಗಡಿಗೋಸ್ಕರ. ಪಶ್ಚಿಮಕ್ಕೆ ಹೋದಷ್ಟೂ ಪಾಕಿಸ್ತಾನದ ಗಡಿ, ಕೆಲವು ಕಡೆ ಅನುಮತಿ ಇಲ್ಲದೆ ಬಿಡಲ್ಲ. ಜೊತೆಗೆ 3,162 ಚದರ ಕಿ.ಮೀ. ಮರುಭೂಮಿ ರಾಷ್ಟ್ರೀಯ ಉದ್ಯಾನ ಇದೆ, ಎರೆಭೂತ ಹಕ್ಕಿ ಉಳಿದಿರುವ ಕೆಲವೇ ಜಾಗಗಳಲ್ಲಿ ಒಂದು. ಸುಮ್ನೆ ನುಗ್ಗೋ ಜಾಗ ಅಲ್ಲ ಅದು.

ಎಲ್ಲಿಗೆ ಅಂತ ಮೊದಲೇ ಬಾಯಿಬಿಟ್ಟು ಕೇಳಿ. ನಮಗೆ ಒಬ್ಬ ಏಜೆಂಟ್ 'ಯಾರೂ ಇಲ್ಲದ ದಿಬ್ಬ' ಅಂದು ಕರೆದುಕೊಂಡು ಹೋದದ್ದು ಸಮ್ ಅನ್ನೋ ಊರಿನ ಪ್ರವಾಸಿ ಕ್ಯಾಂಪ್‌ಗಳ ಹಿಂದಕ್ಕೆ. ರಾತ್ರಿ ಹನ್ನೊಂದರ ತನಕ ಡಿಜೆ. ಜೈಸಲ್ಮೇರ್‌ನಿಂದ ಸಮ್ 40 ಕಿ.ಮೀ., ಜನಜಾತ್ರೆ ಅಲ್ಲೇ. ದಿಬ್ಬಗಳಿರೋ ಇನ್ನೊಂದು ಊರು ಖುಹ್ರಿ, ಆ ಕಡೆ ಸದ್ದು ಕಡಿಮೆ. ಮತ್ತೆ, ಗೋಡೆ ಕ್ಯಾಲೆಂಡರ್‌ನಲ್ಲಿ ಅಮಾವಾಸ್ಯೆ ಹತ್ತಿರದ ದಿನ ನೋಡಿಕೊಳ್ಳಿ. ಬೆಳದಿಂಗಳಲ್ಲಿ ಮರಳು ಚೆನ್ನ, ಆದರೆ ನಕ್ಷತ್ರ ಕಾಣಲ್ಲ. ನನ್ನ ಮಟ್ಟಿಗೆ ಅಷ್ಟು ದೂರ ಹೋಗೋದೇ ನಕ್ಷತ್ರಕ್ಕೆ.

ತಿನ್ನೋಕೆ ಹುರಿಗಾಳು, ಚಿಕ್ಕಿ, ಕೊಬ್ಬರಿ-ಬೆಲ್ಲ ಒಯ್ಯಿರಿ. ರಾಗಿ ಹುರಿಹಿಟ್ಟು ಇದ್ದರೆ ಇನ್ನೂ ಒಳ್ಳೇದು, ಒಲೆ ಹಚ್ಚೋ ಕೆಲಸ ಇಲ್ಲ.

ಚಿಕ್ಕಬಳ್ಳಾಪುರದಿಂದ ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ದಿನಕ್ಕೆ 10 ಕಿ.ಮೀ. ಅಂತ ಮಾಡಿಕೊಂಡೆವು, ಖುಹ್ರಿ ಕಡೆಯ ಗೈಡ್ ಜೊತೆ ಮಾತಾಡುತ್ತಿದ್ದೇವೆ. ಇಬ್ಬರು ಜೀನ್ಸ್ ಬಿಡಲ್ಲ ಅಂತಿದ್ದಾರೆ, ಅವರ ಹಣೆಬರಹ. ಆದರೆ ಅಂಟುಮುಳ್ಳಿನ ಕಥೆ ಹೇಳಿದರೂ ಅಮ್ಮ ಕಂಬಳಿ ಬಿಡೋಕೆ ಒಪ್ಪುತ್ತಿಲ್ಲ.

ಶಿರಾದಿಂದ

ಒಯ್ಯಿರಿ ಪರವಾಗಿಲ್ಲ. ಚಿಮಟ ಎರಡು ಇಟ್ಟುಕೊಳ್ಳಿ, ಐದು ಜನಕ್ಕೆ ಒಂದು ಸಾಲಲ್ಲ.