ಬೇಸ್ ಒಂದೂರು, ಮನೆ ಇನ್ನೊಂದೂರು

ಸಂ: ಕಳೆದ ಸಂಚಿಕೆಯಲ್ಲಿ ಒಬ್ಬ ಪೈಲಟ್ ತಮ್ಮ ತೊಳಲಾಟ ಬರೆದುಕೊಂಡಿದ್ದರು. ಒಂಬತ್ತು ವರ್ಷ ಫಸ್ಟ್ ಆಫೀಸರ್ (ಸಹ ಪೈಲಟ್) ಆಗಿದ್ದವರಿಗೆ ಈಗ ಕ್ಯಾಪ್ಟನ್ ಬಡ್ತಿ ಬಂದಿದೆ. ಆದರೆ ಬೇಸ್, ಅಂದರೆ ಡ್ಯೂಟಿ ಶುರುವಾಗಿ ಮುಗಿಯುವ ಜಾಗ, ಬೇರೆ ಊರು, ವಿಮಾನದಲ್ಲಿ ಎರಡು ಗಂಟೆಯ ದಾರಿ. ಹೆಂಡತಿಗೆ ಈಗಿರುವ ಊರಲ್ಲೇ ಕೆಲಸ. ಮಗಳಿಗೆ ಹದಿಮೂರು, ಮಗನಿಗೆ ಆರು. ತಾವೊಬ್ಬರೇ ಓಡಾಡುವುದೋ, ಸಂಸಾರವನ್ನೇ ಕರೆದೊಯ್ಯುವುದೋ ಎಂದು ಕೇಳಿದ್ದರು. ಪತ್ರಗಳು ನಾವು ಎಣಿಸಿದ್ದಕ್ಕಿಂತ ಜಾಸ್ತಿ ಬಂದವು. ಎಲ್ಲಕ್ಕಿಂತ ಚಿಕ್ಕದನ್ನು ಮೊದಲು ಕೊಡುತ್ತೇವೆ.

ನಿಮ್ಮ ಸಂಸಾರದ ವಿಷಯ ನಿಮಗೆ ಬಿಟ್ಟದ್ದು. ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದು ಬೆಳಿಗ್ಗೆ ನಾನು ಕೂತ ವಿಮಾನ ಹಾರಿಸಬೇಡಿ. ಅಷ್ಟೇ.
— ಒಬ್ಬ ಪ್ರಯಾಣಿಕ

ಸಂ: ಮಾತು ಒರಟು, ತಳ್ಳಿಹಾಕುವ ಹಾಗಿಲ್ಲ. ಮುಂದಿನ ಪತ್ರ ಉದ್ದವಾಗಿದೆ. ಕತ್ತರಿಸಲು ಕೂತೆವು, ಕೈ ಬರಲಿಲ್ಲ.

ಕ್ಯಾಪ್ಟನ್ ಅವರೇ (ಇನ್ನೂ ಆಗಿಲ್ಲ ಅಂತ ಗೊತ್ತು, ಇರಲಿ),

ನಿಮ್ಮ ಪತ್ರ ಓದಿ ಎರಡು ದಿನ ಸುಮ್ನೆ ಇದ್ದೆ. ಮೂರನೇ ದಿನ ಬರೆಯಲು ಕೂತೆ. ನನಗೂ ಹೀಗೇ ಬಡ್ತಿ ಬಂದಿತ್ತು, ಹೀಗೇ ಬೇರೆ ಊರಿಗೆ. ಎರಡು ವರ್ಷ ಓಡಾಡುತ್ತೇನೆ, ಆಮೇಲೆ ಇಲ್ಲಿಗೇ ವರ್ಗ ಸಿಗುತ್ತೆ ಅಂತ ಮನೆಯಲ್ಲಿ ಹೇಳಿದ್ದೆ. ಹನ್ನೊಂದು ವರ್ಷ ಓಡಾಡಿದೆ.

ಪೈಲಟ್‌ಗೇನು, ವಿಮಾನ ಬಿಟ್ಟಿ ಅಂತಾರೆ ಜನ. ಬಿಟ್ಟಿ ಹೌದು, ಸೀಟು ಉಳಿದರೆ. ಸ್ಟಾಫ್ ಟಿಕೆಟ್ ಹಿಡಿದು ಗೇಟಿನ ಪಕ್ಕ ನಿಂತಿರಬೇಕು. ಕೊನೆಯ ಪ್ರಯಾಣಿಕ ಬ್ಯಾಗ್ ಎಳೆದುಕೊಂಡು ಓಡಿಬರುತ್ತಾನಾ ಅಂತ ನೋಡುತ್ತಿರಬೇಕು. ಅವನು ಬರದೇ ಹೋಗಲಿ ಅಂತ ಮನಸ್ಸಲ್ಲೇ ಅಂದುಕೊಳ್ಳುವುದು, ಬಂದರೆ ಕಾಕ್‌ಪಿಟ್‌ನ ಜಂಪ್‌ಸೀಟ್, ಅಂದರೆ ಪೈಲಟ್‌ಗಳ ಹಿಂದಿನ ಹೆಚ್ಚುವರಿ ಸೀಟು, ಕೇಳುವುದು. ಅಲ್ಲಿ ನನಗಿಂತ ಸೀನಿಯರ್ ಒಬ್ಬರು ಕೂತಿದ್ದರೆ ಮುಂದಿನ ವಿಮಾನಕ್ಕೆ ಕಾಯುವುದು. ಬೆಳಿಗ್ಗೆ ಐದಕ್ಕೆ ಡ್ಯೂಟಿ ಇದ್ದರೆ ಹಿಂದಿನ ದಿನ ಮಧ್ಯಾಹ್ನವೇ ಮನೆ ಬಿಡಬೇಕು. ಡ್ಯೂಟಿ ರಾತ್ರಿ ಹತ್ತಕ್ಕೆ ಮುಗಿದರೆ ನಮ್ಮೂರಿನ ಕೊನೆಯ ವಿಮಾನ ಆಗಲೇ ಹೋಗಿರುತ್ತೆ. ರೋಸ್ಟರ್‌ನಲ್ಲಿ (ಡ್ಯೂಟಿ ಪಟ್ಟಿಯಲ್ಲಿ) ತಿಂಗಳಿಗೆ ಹನ್ನೆರಡು ದಿನ ರಜೆ ಅಂತ ಇರುತ್ತಿತ್ತು. ಮನೆಯಲ್ಲಿ ಕಳೆದದ್ದು ಏಳೋ ಎಂಟೋ. ಉಳಿದದ್ದನ್ನು ದಾರಿ ತಿಂದಿತು.

ಬೇಸ್‌ನಲ್ಲಿ ಆರು ಮಂದಿ ಸೇರಿ ಒಂದು ಮನೆ ಹಿಡಿದಿದ್ದೆವು. ಅಂಥ ಮನೆಗೆ ಕ್ರ್ಯಾಶ್‌ಪ್ಯಾಡ್ ಅಂತಾರೆ. ಪೈಲಟ್‌ಗಳಿಗೆ ಆ ಹೆಸರು ಹೇಗೆ ಹಿಡಿಸಿತೋ ನನಗಂತೂ ಅರ್ಥವಾಗಿಲ್ಲ. ತೀರಾ ಅಗ್ಗದ ಕಡೆ ಹಾಟ್ ಬೆಡ್ ಇರುತ್ತೆ, ಒಬ್ಬ ಎದ್ದುಹೋದ ಮಂಚದಲ್ಲಿ ಇನ್ನೊಬ್ಬ ತನ್ನ ಹೊದಿಕೆ ಹಾಸಿಕೊಂಡು ಮಲಗುವುದು. ನಮ್ಮದು ಸ್ವಲ್ಪ ಮೇಲು, ಮಂಚಕ್ಕೆ ಒಬ್ಬೊಬ್ಬರ ಹೆಸರಿತ್ತು. ಹಗಲು ಮಲಗಲಿಕ್ಕೆ ಕಿಟಕಿ ಗಾಜಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ್ದೆವು. ಆರು ಜನ, ಆರು ಹೊತ್ತಿನ ಅಲಾರಂ. ಬೇರೆಯವರ ಅಲಾರಂ ಕಿವಿಗೇ ಬೀಳದ ಹಾಗೆ ಮಲಗುವುದನ್ನು ಕಲಿತೆ. ಆಮೇಲೆ ಮನೆಯಲ್ಲೂ ಹಾಗೇ ಮಲಗುತ್ತಿದ್ದೆ. ರಾತ್ರಿ ಚಿಕ್ಕವಳು ಅತ್ತರೆ ನನಗೆ ಎಚ್ಚರವಾಗುತ್ತಿರಲಿಲ್ಲ.

ಈಗ ಬೀಗದ ವಿಷಯ. ಏಳನೇ ವರ್ಷ ಇರಬೇಕು. ಅವತ್ತು ಸೀಟು ಸಿಗಲ್ಲ ಅಂತ ಮನೆಗೆ ಫೋನ್ ಮಾಡಿ ಹೇಳಿದ್ದೆ. ಕೊನೇ ಗಳಿಗೆಯಲ್ಲಿ ಸಿಕ್ಕಿತು, ಹತ್ತಿಬಿಟ್ಟೆ. ರಾತ್ರಿ ಹನ್ನೊಂದೂವರೆಗೆ ಬಾಗಿಲ ಮುಂದೆ ನಿಂತು ಕೀಲಿ ಹಾಕಿದರೆ ಒಳಗೇ ಹೋಗುತ್ತಿಲ್ಲ. ಮೊಬೈಲ್ ಬೆಳಕು ಬಿಟ್ಟು ನೋಡಿದೆ. ಬೀಗವೇ ಬೇರೆ. ಹೊಳೆಯುವ ಹೊಸ ಬೀಗ. ಅದನ್ನು ಕೂರಿಸಲು ಸುತ್ತ ಮರ ಕೆತ್ತಿ, ಬಣ್ಣ ಬಳಿಯದೆ ಹಾಗೇ ಬಿಟ್ಟಿದ್ದರು. ಬೆಲ್ ಒತ್ತಿದೆ. ಮಗ ಒಳಗಿನಿಂದಲೇ "ಯಾರು?" ಅಂದ.

ಹಳೆ ಬೀಗ ಕೆಟ್ಟು ಮೂರು ವಾರ ಆಗಿತ್ತಂತೆ. ಹೊಸದಕ್ಕೆ ನಾಲ್ಕು ಕೀಲಿ ಮಾಡಿಸಿದ್ದರು. ಹೆಂಡತಿಗೊಂದು, ಮಗನಿಗೊಂದು, ಮಗಳಿಗೊಂದು, ಪಕ್ಕದ ಮನೆಯವರ ಹತ್ತಿರ ಒಂದು. ಯಾರಿಗೂ ನನ್ನ ಮೇಲೆ ಕೋಪ ಇರಲಿಲ್ಲ. ಮರೆತಿದ್ದರು. ಆ ಮೂರು ವಾರದಲ್ಲಿ ನಾನೂ ಎರಡು ಸಲ ಮನೆಗೆ ಬಂದು ಹೋಗಿದ್ದೆ. ಆಗೆಲ್ಲ ಬಾಗಿಲು ತೆರೆದಿತ್ತು, ಬೀಗದ ಕಡೆ ನಾನು ಕಣ್ಣೇ ಹಾಯಿಸಿರಲಿಲ್ಲ. ಅವರು ಮರೆತದ್ದಕ್ಕಿಂತ ಇದು ಜಾಸ್ತಿ ಚುಚ್ಚಿತು.

ನಿಮಗೆ ದಾರಿ ಹೇಳಲು ಕೂತು ನನ್ನ ಕತೆಯೇ ಬರೆದೆ, ಬೇಜಾರು ಮಾಡಿಕೊಳ್ಳಬೇಡಿ. ಕರೆದುಕೊಂಡು ಹೋಗಿ. ಇಲ್ಲವೇ ನೀವೂ ಹೋಗಬೇಡಿ. "ಎರಡೇ ವರ್ಷ" ಅಂತ ಮಾತ್ರ ಮಕ್ಕಳಿಗೆ ಹೇಳಬೇಡಿ.
— ನಿವೃತ್ತ ಕ್ಯಾಪ್ಟನ್

ಸಂ: "ಕರೆದುಕೊಂಡು ಹೋಗಿ" ಎಂದವರೇ ಹೆಚ್ಚು. ಹಾಗೆ ಹೋದವರೊಬ್ಬರೂ ಬರೆದಿದ್ದಾರೆ.

ನಾವು ಹೋದೆವು. ನಾನು ಕೆಲಸ ಬಿಟ್ಟೆ, ಮನೆ ಮಾರಿದೆವು, ಹೊಸ ಊರಲ್ಲಿ ಸಾಲ ಮಾಡಿ ಇನ್ನೊಂದು ಮನೆ ಕೊಂಡೆವು. ಹದಿನಾಲ್ಕನೇ ತಿಂಗಳಿಗೆ ಕಂಪನಿ ಆ ಬೇಸನ್ನೇ ಮುಚ್ಚಿತು. ಇ-ಮೇಲ್ ಬಂದ ದಿನ ಬಡಗಿ ನಮ್ಮ ಅಡುಗೆಮನೆಗೆ ಕಪಾಟು ಕೂರಿಸುತ್ತಿದ್ದ. ನಿಲ್ಲಿಸಪ್ಪ ಅನ್ನೋಣ ಅಂದರೆ ಮುಂಗಡ ಕೊಟ್ಟಾಗಿತ್ತು. ಈಗ ನನ್ನ ಗಂಡ ಮೂರನೇ ಊರಿಗೆ ಓಡಾಡುತ್ತಾರೆ, ನಾವು ಎರಡನೇ ಊರಲ್ಲಿದ್ದೇವೆ, ನಮ್ಮವರೆಲ್ಲ ಮೊದಲನೇ ಊರಲ್ಲಿದ್ದಾರೆ. ಬೇಸ್ ನಂಬಿ ಊರು ಬಿಡಬೇಡಿ. ನಾಳೆ ಆ ಬೇಸ್ ಇಲ್ಲದಿದ್ದರೂ ಅಲ್ಲಿ ಇರಲು ಮನಸ್ಸಿದೆಯಾ, ಆಗ ಹೋಗಿ.

ಇನ್ನೊಂದು ಮಾತು, ಇದು ಪತ್ರ ಬರೆದ ಪೈಲಟ್ ಅವರ ಹೆಂಡತಿಗೆ. ನಿಮ್ಮವರು ಟ್ರಿಪ್ ಮೇಲೆ ಹೋದ ನಾಲ್ಕು ದಿನ ಮನೆ ಸುಸೂತ್ರವಾಗಿ ನಡೆಯುತ್ತೆ ಅಲ್ವಾ? ಬಂದ ಮೊದಲ ದಿನವೇ ಯಾವ ಪಾತ್ರೆ ಎಲ್ಲಿಡಬೇಕು ಅಂತ ಹೇಳಿಕೊಡಲು ಶುರು ಮಾಡುತ್ತಾರೆ ಅಲ್ವಾ? ನಮ್ಮನೆಯಲ್ಲೂ ಹಾಗೇ.
— ಎರಡನೇ ಊರಿನಿಂದ

ಸಂ: ಪೈಲಟ್ ಅವರ ಪತ್ರದಲ್ಲಿ ವಿಮಾನ, ಬಡ್ತಿ, ಸಾಲ ಎಲ್ಲಕ್ಕೂ ಜಾಗವಿತ್ತು. ಹೆಂಡತಿಯ ಮನಸ್ಸಿನ ಬಗ್ಗೆ ಒಂದೇ ಸಾಲು: "ಅವಳು ಹೊಂದಿಕೊಳ್ಳುತ್ತಾಳೆ." ಆ ಸಾಲನ್ನೇ ಹಿಡಿದು ಬರೆದವರು ಬಹಳ. ಒಂದನ್ನು ಮಾತ್ರ ಹಾಕುತ್ತೇವೆ.

"ಹೊಂದಿಕೊಳ್ಳುತ್ತಾಳೆ" ಅಂತ ಹೇಳಿದ್ದು ಅವರೋ, ನೀವೋ?
— ಒಬ್ಬ ಶಿಕ್ಷಕಿ

ಸಂ: ಕೇಳದ ಪ್ರಶ್ನೆಗೆ ಉತ್ತರ ಬರೆದವರೂ ಇದ್ದಾರೆ. ಅವು ಉಪಯೋಗಕ್ಕೆ ಬಂದಾವು ಅನಿಸಿತು.

ನಾನು ಸಿಮ್ಯುಲೇಟರ್‌ನಲ್ಲಿ ತರಬೇತಿ ಕೊಡುವವನು. ಸಂಸಾರದ ಬಗ್ಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ನಮ್ಮನೆಯವರು ಇದನ್ನು ಓದಿದರೆ ಹೌದು ಅಂತಾರೆ. ನಿದ್ದೆ ಬಗ್ಗೆ ಹೇಳಬಲ್ಲೆ.

2009ರ ಫೆಬ್ರವರಿ 12ರ ರಾತ್ರಿ ಅಮೆರಿಕದ ನ್ಯೂವಾರ್ಕ್‌ನಿಂದ ಬಫಲೋಗೆ ಹೊರಟಿದ್ದ ಕೋಲ್ಗನ್ ಏರ್ 3407 ಇನ್ನೇನು ಇಳಿಯಬೇಕು ಅನ್ನುವಾಗ ಒಂದು ಮನೆಯ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಮಂದಿ, ಆ ಮನೆಯಲ್ಲಿದ್ದ ಒಬ್ಬರು, ಒಟ್ಟು 50 ಜನ ಸತ್ತರು. ಇಬ್ಬರು ಪೈಲಟ್‌ಗಳ ಬೇಸೂ ನ್ಯೂವಾರ್ಕ್. ಕ್ಯಾಪ್ಟನ್ ಮನೆ ಫ್ಲಾರಿಡಾದಲ್ಲಿ. ಫಸ್ಟ್ ಆಫೀಸರ್ ಸಿಯಾಟಲ್ ಕಡೆಯಿಂದ ಹಿಂದಿನ ರಾತ್ರಿ ಸರಕು ವಿಮಾನ ಹತ್ತಿ, ಮೆಂಫಿಸ್‌ನಲ್ಲಿ ಇನ್ನೊಂದಕ್ಕೆ ಬದಲಿಸಿ, ಬೆಳಿಗ್ಗೆ ಬಂದು ಮುಟ್ಟಿದ್ದರು. ಕ್ಯಾಪ್ಟನ್ ರಾತ್ರಿ ಕಳೆದದ್ದು ವಿಮಾನ ನಿಲ್ದಾಣದ ಸಿಬ್ಬಂದಿ ಕೋಣೆಯಲ್ಲಿ. ನಿದ್ದೆಗೇಡಿನಿಂದಲೇ ವಿಮಾನ ಬಿತ್ತು ಅಂತ ತನಿಖೆಯವರು ಹೇಳಲಿಲ್ಲ, ಅದನ್ನೂ ಸರಿಯಾಗಿ ಹೇಳಬೇಕು. ವೇಗ ಕುಸಿದು, ಎಚ್ಚರಿಸಲೆಂದು ಕಂಟ್ರೋಲನ್ನೇ ನಡುಗಿಸುವ ಸ್ಟಿಕ್ ಶೇಕರ್ ಶುರುವಾದಾಗ ಕ್ಯಾಪ್ಟನ್ ಕಂಟ್ರೋಲನ್ನು ಮುಂದಕ್ಕೆ ತಳ್ಳುವ ಬದಲು ಹಿಂದಕ್ಕೆ ಎಳೆದರು. ಮುಖ್ಯ ಕಾರಣ ಅದೇ ಅಂದರು. ಇಬ್ಬರೂ ದಣಿದಿದ್ದಿರಬೇಕು, ಆ ದಣಿವು ಎಷ್ಟು ಕೆಡಿಸಿತು ಅಂತ ಅಳೆಯಲಾಗದು ಅಂತಲೂ ಬರೆದರು.

2014ರ ಜನವರಿಯಿಂದ ಅಲ್ಲಿ ಹೊಸ ನಿಯಮ ಬಂತು. ಡ್ಯೂಟಿಗೆ ಮುಂಚೆ 10 ಗಂಟೆ ಬಿಡುವು, ಅದರಲ್ಲಿ 8 ಗಂಟೆ ಅಡ್ಡಿಯಿಲ್ಲದೆ ಮಲಗಲು ಅವಕಾಶ. ಮನೆಯಿಂದ ಬೇಸ್‌ಗೆ ಬರುವ ದಾರಿಯನ್ನು ಮಾತ್ರ ಪೈಲಟ್‌ನ ಹೆಗಲಿಗೇ ಬಿಟ್ಟರು. ಕಂಪನಿ ನಿಮ್ಮನ್ನು ಪ್ರಯಾಣಿಕನಾಗಿ ಕಳಿಸಿದರೆ ಅದು ಡೆಡ್‌ಹೆಡ್, ಡ್ಯೂಟಿ ಲೆಕ್ಕಕ್ಕೆ ಬರುತ್ತೆ. ಅದೇ ವಿಮಾನದ ಅದೇ ಸೀಟಲ್ಲಿ ಮನೆಯಿಂದ ನೀವಾಗಿ ಬಂದರೆ ಅದು ಬಿಡುವು! ಬ್ರಿಟನ್ನಿನ ಹಳೆಯ ಕೈಪಿಡಿ, ಸಿಎಪಿ 371, ಒಂದು ಬುದ್ಧಿಮಾತು ಹೇಳುತ್ತಿತ್ತು. ಮನೆಯಿಂದ ಬೇಸ್‌ಗೆ ಸಾಮಾನ್ಯವಾಗಿ ಒಂದೂವರೆ ಗಂಟೆಗಿಂತ ಜಾಸ್ತಿ ಹಿಡಿದರೆ ಹತ್ತಿರದಲ್ಲಿ ತಂಗಲು ಏರ್ಪಾಡು ಯೋಚಿಸಿ ಅಂತ.

ನೀವು ಎರಡು ಗಂಟೆ ದಾರಿ ಅಂದಿದ್ದೀರಿ. ಮನೆ ಬಾಗಿಲಿಂದ ಕಾಕ್‌ಪಿಟ್ ಬಾಗಿಲವರೆಗೆ ಒಮ್ಮೆ ಗಡಿಯಾರ ಹಿಡಿದು ನೋಡಿ. ಐದು ಗಂಟೆಗಿಂತ ಕಡಿಮೆ ಬಂದರೆ ನನಗೂ ಬರೆಯಿರಿ. ಓಡಾಡುವುದಾದರೆ ಹಿಂದಿನ ದಿನವೇ ಬಂದು ಮಲಗಿ. ಕೊನೆಯ ವಿಮಾನವನ್ನು ನೆಚ್ಚಬೇಡಿ, ನೀವು ಹತ್ತುವುದರ ಹಿಂದೆ ಇನ್ನೂ ಎರಡಾದರೂ ಇರಬೇಕು.
— ತರಬೇತುದಾರ

ಸ್ಟ್ಯಾಂಡ್‌ಬೈ ಪೈಲಟ್‌ಗಳಿಗೆ, ಅಂದರೆ ಕರೆದರೆ ಬರಲು ಸಿದ್ಧವಾಗಿ ಕಾದಿರಬೇಕಾದವರಿಗೆ, ಫೋನ್ ಮಾಡಿ ಬೈಗುಳ ತಿನ್ನುವವಳು ನಾನು. ಇಷ್ಟು ದಿನ ನೀವು ಸೀನಿಯರ್ ಫಸ್ಟ್ ಆಫೀಸರ್, ಬೇಕಾದ ರೋಸ್ಟರ್ ಆರಿಸಿಕೊಂಡಿರಿ. ಕ್ಯಾಪ್ಟನ್ ಗುರುತಾದ ನಾಲ್ಕನೇ ಪಟ್ಟಿ ಹೆಗಲಿಗೆ ಬಂದ ದಿನ ಕ್ಯಾಪ್ಟನ್‌ಗಳ ಸಾಲಿನಲ್ಲಿ ನೀವು ತಳದವರು. ತಳದವರಿಗೆ ಸ್ಟ್ಯಾಂಡ್‌ಬೈ ಸಿಗುತ್ತೆ. ನಮ್ಮಲ್ಲಿ ಕರೆ ಬಂದ ಎರಡು ಗಂಟೆಯೊಳಗೆ ಹಾಜರಿರಬೇಕು. ಕೆಲವರು ಕ್ರ್ಯಾಶ್‌ಪ್ಯಾಡ್‌ನಲ್ಲಿದ್ದೇನೆ ಅಂತಾರೆ, ಹಿಂದೆ ನಾಯಿ ಬೊಗಳುತ್ತಿರುತ್ತೆ. ಯಾವ ಕ್ರ್ಯಾಶ್‌ಪ್ಯಾಡ್‌ನಲ್ಲಿ ನಾಯಿ ಸಾಕಿದ್ದಾರೆ ಸಾರ್? ಓಡಾಡಿ, ಬೇಡ ಅನ್ನಲ್ಲ. ಸ್ಟ್ಯಾಂಡ್‌ಬೈ ದಿನ ಮಾತ್ರ ಬೇಸ್‌ನಲ್ಲಿರಿ.
— ರೋಸ್ಟರ್ ಕೋಣೆಯಿಂದ

ನಾನು ಹಡಗಿನವನು. ಐದು ತಿಂಗಳಿಗೊಮ್ಮೆ ಮನೆ ಕಾಣುತ್ತೇನೆ. ವಾರಕ್ಕೊಮ್ಮೆ ಕಾಣುವವರು ಅಳುವುದು ನೋಡಿ ನಗು ಬಂತು.
— ಮರೀನ್ ಎಂಜಿನಿಯರ್

ಸಂ: ಕಷ್ಟದಲ್ಲೂ ಪೈಪೋಟಿಯೇ? ಇರಲಿ. ಹದಿಮೂರರ ಮಗಳ ಪರವಾಗಿ ಬಂದದ್ದು ಒಂದೇ ಪತ್ರ. ಒಂದೇ ಸಾಕು ಅನಿಸಿತು.

ನಾನು ಪೈಲಟ್ ಮಗಳು. ಹದಿಮೂರಕ್ಕೇ ನಮ್ಮನ್ನು ಅಪ್ಪನ ಬೇಸ್ ಇರುವ ಊರಿಗೆ ಕರೆದುಕೊಂಡು ಹೋದರು. ಒಂದು ವರ್ಷ ನಾನು ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ. ಹಳೇ ಶಾಲೆಯ ಗೆಳತಿಯರು ಮೊದಲ ಆರು ತಿಂಗಳು ದಿನಾ ಫೋನ್ ಮಾಡುತ್ತಿದ್ದರು, ಆಮೇಲೆ ಹುಟ್ಟಿದಹಬ್ಬಕ್ಕೆ, ಆಮೇಲೆ ಅದೂ ಇಲ್ಲ. ಈಗಲೂ ಅದಕ್ಕೆ ಬೇಜಾರಿದೆ. ಎರಡನೇ ವರ್ಷ ಅಪ್ಪ ವಾರದಲ್ಲಿ ಮೂರು ಸಂಜೆ ಮನೆಯಲ್ಲಿರುತ್ತಿದ್ದರು. ಯೂನಿಫಾರ್ಮ್ ಕೂಡ ಬಿಚ್ಚದೆ ನನಗೆ ಗಣಿತ ಹೇಳಿಕೊಡಲು ಕೂರುತ್ತಿದ್ದರು. ಕೆಟ್ಟದಾಗಿ ಹೇಳಿಕೊಡುತ್ತಿದ್ದರು, ಉತ್ತರ ಮೊದಲೇ ಹೇಳಿಬಿಡುತ್ತಿದ್ದರು. ಗೆಳತಿಯರನ್ನು ವಾಪಸ್ ಕೊಡ್ತೀವಿ, ಆ ಸಂಜೆಗಳನ್ನು ಕೊಟ್ಟುಬಿಡು ಅಂದರೆ ನಾನು ಕೊಡಲ್ಲ. ನಿಮ್ಮ ಮಗಳಿಗೆ ಈಗಲೇ ಹೇಳಿಬಿಡಿ. ನನಗೆ ಲಾರಿ ಬರುವ ಹಿಂದಿನ ವಾರ ಹೇಳಿದ್ದರು.
— ಈಗ ಇಪ್ಪತ್ತೊಂಬತ್ತು

ಸಂ: ಮೂರನೇ ದಾರಿಯೊಂದನ್ನು ತೋರಿಸಿದವರೂ ಇದ್ದಾರೆ.

ಬಡ್ತಿ ಬೇಡ ಅಂದುಬಿಡಿ. ನಾನು ಅಂದೆ. ಹದಿನಾರು ವರ್ಷದಿಂದ ಫಸ್ಟ್ ಆಫೀಸರ್. ಬೇಸ್ ಮನೆಯಿಂದ ನಲವತ್ತು ನಿಮಿಷ. ಪಕ್ಕದ ಸೀಟಲ್ಲಿ ನನಗಿಂತ ಚಿಕ್ಕ ವಯಸ್ಸಿನ ಕ್ಯಾಪ್ಟನ್‌ಗಳು ಕೂರುತ್ತಾರೆ. ಮೊದಮೊದಲು ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಕೈಬಿಟ್ಟ ಸಂಬಳದ ಲೆಕ್ಕವನ್ನು ನನ್ನ ಹೆಂಡತಿ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ, ಜಗಳ ಆದಾಗ ತೆಗೆಯುತ್ತಾಳೆ. ಆದರೂ ಅವಳೇ ಹೇಳಿದ್ದು, ಬೇಡ ಅನ್ನಿ ಅಂತ.
— ಮೂರು ಪಟ್ಟಿಯವನು

ಸಂ: "ಅವಳೇ ಹೇಳಿದ್ದು" ಎಂಬ ಮಾತಿರುವ ಪತ್ರ ಇದೊಂದೇ. ಕೊನೆಯದು ಸಲಹೆಯಲ್ಲ, ಆಹ್ವಾನ.

ನಿಮ್ಮ ಹೊಸ ಬೇಸ್ ಯಾವುದು ಅಂತ ನಿಮ್ಮ ವಿವರಣೆಯಿಂದಲೇ ಗೊತ್ತಾಯಿತು, ನಾನೂ ಅಲ್ಲೇ. ನಮ್ಮ ಕ್ರ್ಯಾಶ್‌ಪ್ಯಾಡ್‌ನಲ್ಲಿ ಒಂದು ಮಂಚ ಖಾಲಿ ಆಗುತ್ತಿದೆ. ಹಾಟ್ ಬೆಡ್ ಅಲ್ಲ, ನಿಮ್ಮದೇ. ನಾಲ್ಕು ಜನಕ್ಕೆ ಒಂದೇ ಬಾತ್‌ರೂಮ್. ಗೊರಕೆ ಹೊಡೆಯುವವನೊಬ್ಬ ಇದ್ದಾನೆ, ಅವನು ಹೆಚ್ಚಾಗಿ ರಾತ್ರಿ ಡ್ಯೂಟಿ ಹಾಕಿಸಿಕೊಳ್ಳುತ್ತಾನೆ, ಪುಣ್ಯ. ಮೂರು ತಿಂಗಳು ಇದ್ದು ನೋಡಿ, ಆಮೇಲೆ ಊರು ಬಿಡುವುದೋ ಬೇಡವೋ ಯೋಚಿಸಿ. ಕಿಟಕಿ ಪಕ್ಕದ ಮಂಚ ಮಾತ್ರ ಕೇಳಬೇಡಿ, ಅದು ನನ್ನದು.
— ಕಿಟಕಿ ಪಕ್ಕದವನು

ಸಂ: ಮಂಚದ ವಿಳಾಸವನ್ನೂ ಮೇಲಿನ ಎಲ್ಲ ಪತ್ರಗಳನ್ನೂ ಪೈಲಟ್ ಅವರ ಮನೆಗೆ ಕಳಿಸಿದ್ದೇವೆ. ಲಕೋಟೆಯ ಮೇಲೆ ಇಬ್ಬರ ಹೆಸರನ್ನೂ ಬರೆದಿದ್ದೇವೆ.