ಗ್ರೌಂಡ್‌ನಿಂದ ಬಾಟಲಿ ತುಂಬಿದ ಹಾಗೇ ವಾಪಸ್ ಬರುತ್ತೆ, ಏನು ಮಾಡಲಿ?

ಕೇಳಿದವರು, ಬಳ್ಳಾರಿ:
ಮಗನಿಗೆ ಹತ್ತು ವರ್ಷ. ಬೇಸಿಗೆ ಶಿಬಿರದಲ್ಲಿ ಖೋ ಖೋಗೆ ಸೇರಿಸಿದ್ದೀನಿ, ಬೆಳಿಗ್ಗೆ ಆರೂವರೆಯಿಂದ ಎಂಟೂವರೆ. ಲೀಟರ್ ಬಾಟಲಿ ಕೊಟ್ಟರೆ ಮುಕ್ಕಾಲು ಹಾಗೇ ಬರುತ್ತೆ. ಮನೆಗೆ ಬಂದವನು ತಲೆನೋವು ಅಂತ ಮಲಗ್ತಾನೆ. ಅವನ ನೆಪದಲ್ಲಿ ನಾನೂ ಓಡೋಕೆ ಶುರು ಮಾಡಿದ್ದೀನಿ, ರಾತ್ರಿ ಮೀನಖಂಡ ಹಿಡ್ಕೊಳ್ಳುತ್ತೆ. ಎಷ್ಟು ಕುಡಿಯಬೇಕು, ಬರೀ ನೀರು ಸಾಕಾ? ಅನುಭವ ಇದ್ದವರು ಹೇಳಿ.

ಮಂಡ್ಯ, ಮಕ್ಕಳಿಗೆ ಕಬಡ್ಡಿ ಕಲಿಸುವವನು:
ಅಕ್ಕಾ, ಬಾಟಲಿ ಕೊಟ್ರೆ ಸಾಲದು, ಕುಡಿಯೋಕೆ ಬಿಡುವು ಕೊಡಬೇಕು. ನಾನೂ ಮೊದಲು 'ಬಾಯಾರಿದವರು ಹೋಗಿ ಕುಡೀರೋ' ಅಂತಿದ್ದೆ. ಒಬ್ಬನೂ ಏಳ್ತಿರಲಿಲ್ಲ, ಎದ್ದುಹೋದ್ರೆ ತನ್ನ ಜಾಗ ಇನ್ನೊಬ್ಬನಿಗೆ ಹೋಗುತ್ತೆ ಅಂತ ಭಯ. ಈಗ 20 ನಿಮಿಷಕ್ಕೊಮ್ಮೆ ಸೀಟಿ ಊದ್ತೀನಿ. ಆಟ ಬಂದ್, ಎಲ್ಲರೂ ಮರದ ಕೆಳಗೆ, ಎಲ್ಲರೂ ಕುಡೀಬೇಕು. ಒಂಬತ್ತರಿಂದ ಹನ್ನೆರಡು ವಯಸ್ಸಿನವರಿಗೆ ಸಲಕ್ಕೆ 100ರಿಂದ 250 ಮಿ.ಲೀ. ಸಾಕು. ಕೇರಳದ ಶಾಲೆಗಳಲ್ಲಿ 2019ರಲ್ಲಿ ನೀರಿಗೇ ಅಂತ ಬೆಲ್ ಹೊಡೆಯೋಕೆ ಶುರು ಮಾಡಿದ್ರಲ್ಲ, ಅದೇ ಉಪಾಯ. ನಿಮ್ಮ ಕೋಚ್ ಹತ್ರ ಮಾತಾಡಿ ನೋಡಿ.

ಶಿವಮೊಗ್ಗ, ಹೈಸ್ಕೂಲ್ ಹುಡುಗಿಯ ತಾಯಿ:
ನಮ್ಮನೇದು ಬೇರೆ ಕಥೆ. ಗದರಿ ಕೇಳಿದ ಮೇಲೆ ಮಗಳು ಬಾಯಿಬಿಟ್ಟಳು: ಗ್ರೌಂಡ್ ಪಕ್ಕದ ಟಾಯ್ಲೆಟ್‌ಗೆ ಚಿಲಕ ಇಲ್ಲ, ಅದಕ್ಕೇ ನೀರು ಮುಟ್ಟಲ್ಲ ಅಂತ. ನಾಲ್ಕು ಜನ ಅಮ್ಮಂದಿರು ಹೋಗಿ ಹಾಕಿಸಿದೆವು, ಚಿಲಕಕ್ಕೆ 60 ರೂಪಾಯಿ. ಎರಡು ವರ್ಷ ಸುಮ್ಮನೆ ಅವಳಿಗೆ ಬೈದಿದ್ದೆ.

ಕಲಬುರಗಿ:
ಅಕ್ಕಾರ, ನಮ್ಮ ಕಡೆ ಹೊಲಕ್ಕ ಹೋಗೋರು ಜ್ವಾಳದ ಅಂಬ್ಲಿಗೆ ಮಜ್ಜಿಗಿ, ಉಪ್ಪು ಹಾಕ್ಕೊಂಡು ಕುಡದೇ ಹೋಗೋದು. ಹುಡುಗನ್ನ ಖಾಲಿ ಹೊಟ್ಟ್ಯಾಗ ಕಳಸಬ್ಯಾಡ್ರಿ.

ಬೆಂಗಳೂರು, ಓಟದ ಹುಚ್ಚಿನವನು:
ಎಲ್ಲರೂ ಕುಡಿಯದವರ ಕಥೆ ಹೇಳಿದಿರಿ, ನಾನು ಅತಿಯಾಗಿ ಕುಡಿದವನು. ಮೊದಲ ಹಾಫ್ ಮ್ಯಾರಥಾನ್‌ನಲ್ಲಿ ಸಿಕ್ಕ ಸಿಕ್ಕ ಕಡೆಯೆಲ್ಲ ಎರಡೆರಡು ಲೋಟ ಇಳಿಸಿದೆ. ಮುಗಿಯುವ ಹೊತ್ತಿಗೆ ಬೆರಳು ಊದಿ ಉಂಗುರ ತೆಗೆಯೋಕೆ ಬರಲಿಲ್ಲ, ವಾಕರಿಕೆ, ತಲೆ ಭಾರ. ಬೆವರಲ್ಲಿ ಉಪ್ಪು ಹೋಗಿ, ಮೇಲಿಂದ ಬರೀ ನೀರು ತುಂಬಿದರೆ ರಕ್ತದಲ್ಲಿ ಸೋಡಿಯಂ ತೆಳ್ಳಗಾಗುತ್ತೆ ಅಂತ ಡಾಕ್ಟರ್ ಆಮೇಲೆ ಹೇಳಿದರು. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಇದರಿಂದಲೇ ಒಬ್ಬ ಓಟಗಾರ್ತಿ ತೀರಿಕೊಂಡಿದ್ದರು. ಆ ಓಟದಲ್ಲಿ ಪರೀಕ್ಷೆಗೆ ರಕ್ತ ಕೊಟ್ಟ 488 ಓಟಗಾರರಲ್ಲಿ ನೂರಕ್ಕೆ 13 ಮಂದಿಗೆ ಸೋಡಿಯಂ ಕಮ್ಮಿ ಇತ್ತು.

ಈಗ ನನ್ನ ಲೆಕ್ಕ ತೂಕದ ಯಂತ್ರದ ಮೇಲೆ. ಓಡುವ ಮೊದಲು 62.4 ಕೆ.ಜಿ., ಬಂದ ಮೇಲೆ 61.6. ನಡುವೆ ಅರ್ಧ ಲೀಟರ್ ಕುಡಿದಿದ್ದೆ. ಇಳಿದ 0.8 ಕೆ.ಜಿ.ಗೆ ಕುಡಿದ ಅರ್ಧ ಲೀಟರ್ ಸೇರಿಸಿದರೆ ಬೆವರು ಸುಮಾರು 1.3 ಲೀಟರ್. ತೂಕ ಏರಿದ್ದರೆ ಜಾಸ್ತಿ ಕುಡಿದಿದ್ದೀನಿ ಅಂತ. ಒಣಗಿದ ಟೋಪಿ ಮೇಲೆ ಬಿಳಿ ಗೆರೆ ಮೂಡಿದ ದಿನ ಮಜ್ಜಿಗೆಗೆ ಉಪ್ಪು ಸ್ವಲ್ಪ ಜೋರು. ಮೀನಖಂಡಕ್ಕೆ ಪ್ರತಿ ಸಲ ನೀರನ್ನೇ ದೂರಬೇಡಿ, ಹೊಸದಾಗಿ ಓಡುವವರಿಗೆ ಸ್ನಾಯು ದಣಿದರೂ ಹಿಡಿಯುತ್ತೆ. ಹಿಡಿದಾಗ ಪಾದದ ಬೆರಳನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ.

ಮಂಗಳೂರು:
ಎಳನೀರು ಒಳ್ಳೇದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಲ್ಲಿ ಹೋಗೋದು ಹೆಚ್ಚಾಗಿ ಸೋಡಿಯಂ. ನಾವು ಪುನರ್ಪುಳಿ (ಕೋಕಂ) ಶರಬತ್ತಿಗೆ ಚಿಟಿಕೆ ಉಪ್ಪು ಹಾಕಿ ಕೊಡ್ತೇವೆ, ಮಕ್ಕಳು ಕೇಳಿ ಕುಡೀತಾರೆ.

ಹಾಸನ, ನರ್ಸ್:
ಒಂದು ಗಂಟೆಯ ಆಟಕ್ಕೆ ನೀರೇ ಸಾಕು. ಓಆರ್‌ಎಸ್ ಕೊಡೋದಾದರೆ 20.5 ಗ್ರಾಂ ಪೊಟ್ಟಣ ಪೂರ್ತಿ ಒಂದು ಲೀಟರಿಗೆ, ಅಂದಾಜಿನಲ್ಲಿ ಕಲಸಬೇಡಿ. ಅಂಗಡಿಯ ಸಿಹಿ ಪ್ಯಾಕ್ ಓಆರ್‌ಎಸ್ ಅಲ್ಲ. 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದು ಅಂದಿದೆ. ಮೂತ್ರ ತಿಳಿ ಹಳದಿ ಇದ್ದರೆ ಸರಿ, ಗಾಢವಾಗಿದ್ದರೆ ನೀರು ಸಾಲಿಲ್ಲ. ಬಿಸಿಲಲ್ಲಿ ಮಗು ತೊದಲಿದರೆ, ಏನೇನೋ ಮಾತಾಡಿದರೆ ಬಾಯಿಗೆ ಏನೂ ಹಾಕದೆ ನೆರಳಿಗೆ ತಂದು ಮೈಮೇಲೆ ನೀರು ಸುರಿಯುತ್ತಾ 108ಕ್ಕೆ ಫೋನ್ ಮಾಡಿ.

ಕೇಳಿದವರು, ಒಂದು ವಾರದ ಮೇಲೆ:
ಕೋಚ್ ಸೀಟಿಗೆ ಒಪ್ಪಿದರು. ಮೊದಲ ದಿನ ಬಾಟಲಿ ಖಾಲಿ ಬಂತು ಅಂತ ಖುಷಿಪಟ್ಟೆ, ಅರ್ಧ ಗೆಳೆಯನ ತಲೆ ಮೇಲೆ ಸುರಿದಿದ್ದನಂತೆ. ಈಗ ಕುಡೀತಾನೆ, ಮೂರು ದಿನದಿಂದ ತಲೆನೋವಿಲ್ಲ. ಶಿವಮೊಗ್ಗದ ಅಕ್ಕ, ನೀವು ಬರೆದದ್ದು ಓದಿ ಹೋಗಿ ನೋಡಿದೆ. ನಮ್ಮ ಗ್ರೌಂಡಿನಲ್ಲೂ ಹೆಣ್ಣುಮಕ್ಕಳ ಕಡೆ ಚಿಲಕ ಇಲ್ಲ.